ಒಂದು ಗೋಲು ಮುಂದಿರುವಾಗ

ರಾತ್ರಿ ಹನ್ನೆರಡೂ ಕಾಲಿಗೆ ಅಲಾರಂ ಇಟ್ಟುಕೊಂಡು ಮಲಗುವ, ಎಪ್ಪತ್ತು ದಾಟಿದ ಮುದುಕನನ್ನು ನೀವು ಕಂಡಿರಲಾರಿರಿ. 2025ರ ಬೇಸಿಗೆ ರಜೆಯಲ್ಲಿ ಮೈಸೂರಿನ ನಮ್ಮ ಮನೆಗೆ ಬಂದಿದ್ದರೆ ಕಾಣಬಹುದಿತ್ತು. ನಾನು ಅಲಾರಂ ಇಡುತ್ತಿದ್ದದ್ದು ಮೊಮ್ಮಗಳಿಗಾಗಿ. ಅವಳು ಬೆಂಗಳೂರಿನಲ್ಲಿ ಎಂಟನೇ ತರಗತಿಗೆ ಹೋಗುವವಳು, ಶಾಲೆಯ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯ ನಮ್ಮಲ್ಲಿ ಶುರುವಾಗುವುದು ರಾತ್ರಿ ಹನ್ನೆರಡೂವರೆಗೆ. ಅವಳೊಬ್ಬಳೇ ಕತ್ತಲಲ್ಲಿ ಕೂತು ನೋಡುವುದು ಬೇಡವೆಂದು ನಾನು ಜೊತೆಗೆ ಕೂತೆ. ಎರಡನೆಯ ಪಂದ್ಯದ ಹೊತ್ತಿಗೆ ಯಾರು ಯಾರಿಗೆ ಜೊತೆ ಎನ್ನುವುದೇ ಮರೆತುಹೋಗಿತ್ತು. "ತಾತ ಮೊಮ್ಮಗಳಿಗೆ ಬುದ್ಧಿ ಬೇಡ್ವಾ?" ಎಂದು ನನ್ನವಳು ಒಳಗಿನಿಂದ ಗೊಣಗುತ್ತಿದ್ದಳು.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಜಗಳ ನಿಮಗೆ ಅರ್ಥವಾಗುವುದಿಲ್ಲ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ನೋಟಿನ ಕಟ್ಟನ್ನು ಎರಡು ಸಲ ಎಣಿಸದೆ ಕೊಟ್ಟವನಲ್ಲ. ಈಗಲೂ ಮನೆಗೆ ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತೇನೆ, ಗೇಟಿನವರೆಗೆ ಹೋಗಿ ಹಿಂತಿರುಗಿ ಬಂದು ಇನ್ನೊಮ್ಮೆ ಎಳೆಯುತ್ತೇನೆ. ಇಂಥವನನ್ನು ಮೊಮ್ಮಗಳು ಕೂರಿಸಿದ್ದು ಬಾರ್ಸಿಲೋನಾ ತಂಡದ ಆಟದ ಮುಂದೆ!

ಆ ತಂಡದ ಆಟ ಎಂಥದು ಎಂದು ಗೊತ್ತಿಲ್ಲದ ಮಕ್ಕಳಿಗಾಗಿ ಎರಡು ಮಾತು. ಸಾಮಾನ್ಯವಾಗಿ ಡಿಫೆಂಡರುಗಳು ತಮ್ಮ ಗೋಲಿನ ಹತ್ತಿರ ಕಾವಲು ನಿಲ್ಲುತ್ತಾರೆ. ಹಾನ್ಸಿ ಫ್ಲಿಕ್ ಎಂಬ ಜರ್ಮನ್ ಕೋಚ್ 2024ರಲ್ಲಿ ಬಾರ್ಸಿಲೋನಾಕ್ಕೆ ಬಂದ ಮೇಲೆ ಅವರ ಡಿಫೆಂಡರುಗಳು ಮೈದಾನದ ಮಧ್ಯದ ಗೆರೆಯ ಹತ್ತಿರಕ್ಕೇ ಹೋಗಿ ನಿಲ್ಲತೊಡಗಿದರು. ಹಿಂದೆ ಗೋಲ್‌ಕೀಪರ್ ಒಬ್ಬ, ನಡುವೆ ಅರ್ಧ ಮೈದಾನ ಖಾಲಿ! ಇದಕ್ಕೆ ಧೈರ್ಯ ಕೊಡುವುದು ಆಫ್‌ಸೈಡ್ ನಿಯಮ. ಜೊತೆಯ ಆಟಗಾರ ಚೆಂಡು ಒದೆಯುವ ಕ್ಷಣದಲ್ಲಿ ಎದುರಾಳಿಯ ಆಟಗಾರನೊಬ್ಬ ಈ ಡಿಫೆಂಡರುಗಳ ಸಾಲನ್ನು ದಾಟಿ ಮುಂದೆ ನಿಂತಿದ್ದರೆ ಅವನು ಆಫ್‌ಸೈಡ್. ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ನಾಲ್ಕೂ ಡಿಫೆಂಡರುಗಳು ಒಂದೇ ಉಸಿರಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಎದುರಾಳಿ ಬಲೆಗೆ ಬಿದ್ದ ಹಾಗೆ. ಒಬ್ಬ ಮೈಮರೆತು ಹಿಂದೆ ಉಳಿದರೆ ಬಲೆಯೇ ಹರಿದ ಹಾಗೆ.

2024ರ ಅಕ್ಟೋಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಈ ಬಲೆಗೆ ಹನ್ನೆರಡು ಬಾರಿ ಬಿದ್ದು, ತನ್ನದೇ ಮೈದಾನದಲ್ಲಿ 4-0ಯಿಂದ ಸೋತಿತು. ಆ ಋತುವಿನಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್ ತಂಡವನ್ನು ನಾಲ್ಕಕ್ಕೆ ನಾಲ್ಕು ಸಲವೂ ಸೋಲಿಸಿತು. ಸ್ಪೇನಿನ ಲೀಗ್ ಗೆದ್ದಿತು, ಅಲ್ಲಿ 102 ಗೋಲು ಹೊಡೆಯಿತು. ಜಮೆಯ ಕಡೆ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ನಾನು ಗುಮಾಸ್ತ, ಖರ್ಚಿನ ಕಡೆಯೂ ನೋಡುವವನು. ಜನವರಿಯಲ್ಲಿ ಬೆನ್ಫಿಕಾ ವಿರುದ್ಧ 5-4ರಿಂದ ಗೆದ್ದರಂತೆ. ನಾಲ್ಕು ಗೋಲು ಬಿಟ್ಟುಕೊಟ್ಟು ಗೆಲ್ಲುವುದನ್ನು ಗೆಲುವು ಎನ್ನಬೇಕೋ, ಬದುಕಿ ಬಂದದ್ದು ಎನ್ನಬೇಕೋ?

ಇಂಟರ್ ಮಿಲಾನ್ ಜೊತೆಗಿನ ಸೆಮಿಫೈನಲ್ ಎರಡು ಪಂದ್ಯಗಳದ್ದು. ಮೊದಲನೆಯದು ಬಾರ್ಸಿಲೋನಾದಲ್ಲಿ. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ, ಅರ್ಧ ನಿಮಿಷಕ್ಕೇ ಇಂಟರ್ ಗೋಲು ಹೊಡೆದಿತ್ತು. ಆ ಪಂದ್ಯ 3-3ರಲ್ಲಿ ಮುಗಿಯಿತು. ಮೇ 6ರಂದು ಎರಡನೆಯದು, ಮಿಲಾನಿನಲ್ಲಿ. ಅರ್ಧ ಆಟಕ್ಕೆ ಬಾರ್ಸಿಲೋನಾ 0-2 ಹಿಂದೆ. ಮೊಮ್ಮಗಳು ದಿಂಬು ಕಚ್ಚಿಕೊಂಡು ಕೂತಿದ್ದಳು. ಆಮೇಲೆ ಒಂದು, ಎರಡು. 87ನೇ ನಿಮಿಷದಲ್ಲಿ ರಫೀನ್ಯಾ ಮೂರನೆಯದನ್ನು ಹೊಡೆದಾಗ ಅವಳು ಕಿರುಚಿದ ಕಿರುಚಿಗೆ ಪಕ್ಕದ ಮನೆಯ ದೀಪ ಹತ್ತಿತು. 3-2! ಇನ್ನು ಕೆಲವೇ ನಿಮಿಷ ತಡೆದರೆ ಫೈನಲ್.

"ಈಗ ಎಲ್ಲರೂ ಹಿಂದಕ್ಕೆ ಬರಬೇಕು ಪುಟ್ಟಿ," ಎಂದೆ. "ಬಾಗಿಲು ಹಾಕಿ ಚಿಲಕ ಜಡೀಬೇಕು."

"ಸುಮ್ನಿರಿ ತಾತ, ಅವರು ಹಾಗೆ ಆಡಲ್ಲ."

ಹೆಚ್ಚುವರಿ ನಿಮಿಷಗಳಲ್ಲಿ ಚೆಂಡು ಲಮೀನ್ ಯಮಾಲ್‌ಗೆ ಸಿಕ್ಕಿತು. ಆಗ ಅವನಿಗೆ ಹದಿನೇಳೇ ವರ್ಷ. ಮೂಲೆಗೆ ಒಯ್ದು ಮೈ ಅಡ್ಡ ಹಿಡಿದು ನಿಂತಿದ್ದರೆ ಅಮೂಲ್ಯವಾದ ಒಂದಷ್ಟು ಹೊತ್ತು ಕಳೆದುಹೋಗುತ್ತಿತ್ತು. ಅವನು ಗೋಲಿಗೇ ಹೊಡೆದ. ಚೆಂಡು ಕಂಬಕ್ಕೆ ಬಡಿಯಿತು. ಸ್ವಲ್ಪ ಹೊತ್ತಿನಲ್ಲೇ ಇಂಟರ್ ಆ ಕಡೆಯಿಂದ ಈ ಕಡೆಗೆ ನುಗ್ಗಿ ಬಂತು. ಬಲಗಡೆಯಿಂದ ಬಂದ ಚೆಂಡನ್ನು ಫ್ರಾಂಚೆಸ್ಕೋ ಅಚೆರ್ಬಿ ಬಲೆಗೆ ತಲುಪಿಸಿದ. 3-3. ಹೆಚ್ಚುವರಿ ಅವಧಿಯಲ್ಲಿ ಫ್ರತ್ತೇಸಿ ಇನ್ನೊಂದು ಹೊಡೆದು 4-3 ಮಾಡಿದ. ಎರಡೂ ಪಂದ್ಯ ಸೇರಿ 7-6. ಬಾರ್ಸಿಲೋನಾ ಮನೆಗೆ ಹೋಯಿತು.

"ನಾನು ಹೇಳಲಿಲ್ವಾ?" ಎಂದುಬಿಟ್ಟೆ. ಅಳುತ್ತಿರುವ ಮಗುವಿಗೆ ಹೇಳುವ ಮಾತೇ ಅದು? ಬಾಯಿಂದ ಜಾರಿತು. ಅವಳು ಕಣ್ಣೊರೆಸಿಕೊಂಡು, "ಆ ಬಾಲ್ ಕಂಬಕ್ಕೆ ಬಡೀದೆ ಒಳಗೆ ಹೋಗಿದ್ರೆ ನೀವೇ ಚಪ್ಪಾಳೆ ತಟ್ತಿದ್ರಿ," ಎಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದಳು: "ತಾತ, ನೀವು ಯಾವತ್ತಾದ್ರೂ ಮಧ್ಯದ ಗೆರೆ ದಾಟಿದ್ದೀರಾ?"

ಎರಡೂ ಮುಕ್ಕಾಲು ದಾಟಿದ ರಾತ್ರಿಯಲ್ಲಿ ಕೇಳುವ ಪ್ರಶ್ನೆಯಲ್ಲ ಅದು. ಅವಳು ಮಲಗಿದಳು, ನನಗೆ ನಿದ್ದೆ ಬರಲಿಲ್ಲ.

ನೆನಪಾದದ್ದು 1982. ಆಗ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ, ವಿಶ್ವಕಪ್ಪನ್ನು ಪತ್ರಿಕೆಯಲ್ಲೇ ಓದಿದ್ದು. ಜಿಕೋ, ಸಾಕ್ರಟೀಸ್, ಫಾಲ್ಕಾವೋ ಇದ್ದ ಬ್ರೆಜಿಲ್ ತಂಡಕ್ಕೆ ಜುಲೈ 5ರಂದು ಇಟಲಿ ಎದುರಾಳಿ. ಪಂದ್ಯ ನಡೆದದ್ದೂ ಇದೇ ಬಾರ್ಸಿಲೋನಾ ನಗರದಲ್ಲಿ. ಬ್ರೆಜಿಲ್‌ಗೆ ಡ್ರಾ ಸಾಕಿತ್ತು. 68ನೇ ನಿಮಿಷದಲ್ಲಿ ಫಾಲ್ಕಾವೋ 2-2 ಮಾಡಿದ. ಅಲ್ಲಿಗೆ ಅಂಗಡಿ ಮುಚ್ಚಬಹುದಿತ್ತು. ಅವರು ಮುನ್ನುಗ್ಗುತ್ತಲೇ ಇದ್ದರು. 74ನೇ ನಿಮಿಷದಲ್ಲಿ ಪಾವ್ಲೋ ರೋಸಿ ತನ್ನ ಮೂರನೇ ಗೋಲು ಹೊಡೆದ. ಬ್ರೆಜಿಲ್ ಹೊರಬಿತ್ತು, ಇಟಲಿ ಕಪ್ ಗೆದ್ದಿತು. ನಮ್ಮ ಶಾಖೆಯಲ್ಲಿ ಕೇರಳದ ಸಹೋದ್ಯೋಗಿಯೊಬ್ಬರು ಆ ದಿನ ಊಟದ ಡಬ್ಬಿಯನ್ನೇ ತೆರೆಯಲಿಲ್ಲ. "ಇಷ್ಟು ಚೆನ್ನಾಗಿ ಆಡೋರು ಒಂದು ಇಪ್ಪತ್ತು ನಿಮಿಷ ಜಾಗ್ರತೆಯಾಗಿ ಆಡಬಾರದಿತ್ತೇ?" ಎಂದು ನಾನು ಅವರಿಗೂ ಹೇಳಿದ್ದೆ. ನಾನು ಬದಲಾಗಿಲ್ಲ ನೋಡಿ!

ಹನ್ನೆರಡು ವರ್ಷದ ಮೇಲೆ, 1994ರಲ್ಲಿ, ಬ್ರೆಜಿಲ್ ಎಚ್ಚರಿಕೆಯಿಂದ ಆಡಿ ಕಪ್ ಗೆದ್ದಿತು. ಫೈನಲ್‌ನಲ್ಲಿ ಅದೇ ಇಟಲಿ. ಎರಡು ಗಂಟೆ ಆಡಿದರೂ ಒಂದು ಗೋಲಿಲ್ಲ, ಪೆನಾಲ್ಟಿಯಲ್ಲಿ ತೀರ್ಮಾನ. ಅದನ್ನು ಟಿವಿಯಲ್ಲಿ ನೋಡಿದೆ. ಸಮಾಧಾನವಾಯಿತು. ಆದರೆ ನಿಜ ಹೇಳಬೇಕೆಂದರೆ ನಡುವೆ ಎರಡು ಸಲ ತೂಕಡಿಸಿದೆ. ನೋಡಿಯೇ ಇರದ 1982ರ ಪಂದ್ಯದ ಹೆಸರುಗಳು ನಾಲಗೆಯ ಮೇಲಿವೆ, ಕಣ್ಣಾರೆ ಕಂಡ 1994ರದ್ದನ್ನು ತಡಕಾಡಿ ನೆನಪಿಸಿಕೊಳ್ಳಬೇಕು.

ಇನ್ನು ಮೊಮ್ಮಗಳ ಪ್ರಶ್ನೆ. 1983ರಲ್ಲಿ ನಾನು ಆಫೀಸರ್ ಹುದ್ದೆಯ ಪರೀಕ್ಷೆ ಪಾಸು ಮಾಡಿದ್ದೆ. ಉತ್ತರ ಪ್ರದೇಶದ ಒಂದು ಊರಿಗೆ ವರ್ಗವಾಗುತ್ತದೆ ಎಂದು ತಿಳಿಯಿತು. ಮನೆಯಲ್ಲಿ ವಯಸ್ಸಾದ ತಾಯಿ, ಕೈಗೂಸು. ಬಡ್ತಿ ಬೇಡವೆಂದು ಬರೆದುಕೊಟ್ಟೆ. ನನ್ನ ಜೊತೆ ಪಾಸಾಗಿ ಹೋದ ಗೆಳೆಯ ಚೀಫ್ ಮ್ಯಾನೇಜರ್ ಆಗಿ ನಿವೃತ್ತನಾದ. ಹಾಗೆಯೇ ಹೋದ ಇನ್ನೊಬ್ಬ ತಂದೆಯ ಅಂತ್ಯಕ್ಕೆ ಬಂದು ಸೇರಲಾಗಲಿಲ್ಲವೆಂದು ಇವತ್ತಿಗೂ ಕೊರಗುತ್ತಾನೆ. ನನ್ನ ತಾಯಿ ನನ್ನ ಕೈಯಲ್ಲಿ ನೀರು ಕುಡಿದು ಹೋದಳು. ಆ ತೀರ್ಮಾನಕ್ಕೆ ನಾನು ಪಶ್ಚಾತ್ತಾಪ ಪಟ್ಟಿಲ್ಲ. ಆದರೆ ತಾಯಿ ಹೋದ ಮೇಲೂ ಎರಡು ಸಲ ಅವಕಾಶ ಬಂದಿತ್ತು. ಆಗ ಕಾರಣವೇನೂ ಇರಲಿಲ್ಲ. ಹೆದರಿಕೆ ಇತ್ತು. ಅದಕ್ಕೆ ಜಾಗ್ರತೆ ಎಂದು ಹೆಸರಿಟ್ಟಿದ್ದೆ. ಜಾಗ್ರತೆ ಯಾವುದು, ಹೆದರಿಕೆ ಯಾವುದು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ, ಒಳಗಿನವನಿಗೆ ತಿಳಿಯುತ್ತದೆ.

ಮಂಡ್ಯ ಕಡೆಯ ಒಂದು ಶಾಖೆಯಲ್ಲಿ ನಮಗೊಬ್ಬರು ಮ್ಯಾನೇಜರ್ ಇದ್ದರು. ಬೇರೆಯವರು ಅರ್ಜಿ ಮುಟ್ಟಲೂ ಹಿಂಜರಿಯುವಂಥ ಸಣ್ಣ ರೈತರಿಗೆ ರೇಷ್ಮೆ ಸಾಲ, ಎಮ್ಮೆ ಸಾಲ ಕೊಡುತ್ತಿದ್ದರು. "ಇಷ್ಟು ಧೈರ್ಯ ಒಳ್ಳೆಯದಲ್ಲ ಸಾರ್," ಎಂದೆ ಒಮ್ಮೆ. "ಸಾಲ ಕೊಡದ ಬ್ಯಾಂಕಿಗೆ ಕೆಟ್ಟ ಸಾಲ ಇರಲ್ಲ ಕಣಯ್ಯ. ಆದ್ರೆ ಅದನ್ನ ಬ್ಯಾಂಕು ಅನ್ನಲ್ಲ, ಕಬ್ಬಿಣದ ಪೆಟ್ಟಿಗೆ ಅಂತಾರೆ," ಎಂದರು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅದೇ ಮ್ಯಾನೇಜರ್ ಮೋಟಾರ್ ಸೈಕಲ್ ಹತ್ತಿ ಹಳ್ಳಿಗೆ ಹೋಗಿ ಹುಳು ಸಾಕುವ ಮನೆ ನೋಡುತ್ತಿದ್ದರು, ಕೊಟ್ಟಿಗೆಯಲ್ಲಿ ಎಮ್ಮೆ ಇದೆಯೇ ಎಂದು ಖುದ್ದಾಗಿ ನೋಡುತ್ತಿದ್ದರು. ಧೈರ್ಯದ ಬೆನ್ನಿಗೆ ಅಷ್ಟು ದುಡಿಮೆ ಇತ್ತು. ಆಗ ನಾನು ಅವರ ಧೈರ್ಯವನ್ನಷ್ಟೇ ಕಂಡಿದ್ದೆ.

ಬೆಳಿಗ್ಗೆ ತಿಂಡಿ ತಿನ್ನುವಾಗ ನಾನೂ ಮೊಮ್ಮಗಳೂ ಒಂದು ರಾಜಿಗೆ ಬಂದೆವು. ಎಂಬತ್ತೈದು ನಿಮಿಷ ಅವಳ ಇಷ್ಟದ ಆಟ, ಕೊನೆಯ ಐದು ನಿಮಿಷ ನನ್ನದು. ಒಂದು ಗೋಲು ಮುಂದಿದ್ದರೆ ಎಲ್ಲರೂ ಹಿಂದಕ್ಕೆ. "ನಿಮ್ಮ ಶಾಲೆಯ ಮ್ಯಾಚಲ್ಲಿ ಹೀಗೆ ಮಾಡಿ ನೋಡು," ಎಂದೆ. ರಜೆ ಮುಗಿದು ಅವಳು ಬೆಂಗಳೂರಿಗೆ ಹೋದಳು. ಮೇ 31ರ ಫೈನಲ್‌ನಲ್ಲಿ ಇಂಟರ್ ತಂಡ ಪ್ಯಾರಿಸ್ಸಿನವರ ಕೈಲಿ 5-0ಯಿಂದ ಸೋತಿತು. ನನ್ನ ಪಾಠಕ್ಕೆ ಅದೂ ಅಡ್ಡಿಯೇ. ನಾನು ಅದರ ಮಾತೆತ್ತಲಿಲ್ಲ.

ಆಗಸ್ಟ್‌ನಲ್ಲಿ ಒಂದು ಸಂಜೆ ಫೋನು. ಶಾಲೆಗಳ ನಡುವಿನ ಪಂದ್ಯ. ಇವರು 2-1 ಮುಂದಿದ್ದರಂತೆ. ಕೊನೆಯ ಐದು ನಿಮಿಷಕ್ಕೆ ಇವಳು "ಹಿಂದೆ ಬನ್ನಿ" ಎಂದು ಕೂಗಿದಳಂತೆ.

"ಆಮೇಲೆ?"

"ಅರ್ಧ ಜನ ಬಂದ್ರು ತಾತ, ಅರ್ಧ ಜನ ಮುಂದೇನೇ ಉಳಿದ್ರು. ಮಧ್ಯ ಎಲ್ಲ ಖಾಲಿ ಆಯ್ತು. ಎರಡು ಗೋಲು ಬಿತ್ತು. ಸೋತ್ವಿ."

ನನಗೆ ಮಾತು ಹೊರಡಲಿಲ್ಲ. ತಂಡದವರು ಅವಳ ಮೇಲೆ ಕೋಪ ಮಾಡಿಕೊಂಡಿದ್ದರು. ನನ್ನ ಹೆಸರನ್ನು ಅವಳು ಯಾರಿಗೂ ಹೇಳಿರಲಿಲ್ಲ. "ತಪ್ಪು ನಂದು ಪುಟ್ಟಿ," ಎಂದೆ. "ಇಲ್ಲ ತಾತ, ಕೂಗಿದ್ದು ನಾನಲ್ವಾ?" ಎಂದಳು. ಹದಿಮೂರು ವರ್ಷದ ಹುಡುಗಿ ಹಾಗೆ ಹೇಳಿದಾಗ ಗಂಟಲು ಕಟ್ಟಿತು.

ಆ ರಾತ್ರಿ ಮಿಲಾನಿನ ಪಂದ್ಯದ ಕೊನೆಯ ನಿಮಿಷಗಳನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದೆ. ನಾನು ಗಮನಿಸದೇ ಇದ್ದದ್ದೊಂದು ಕಂಡಿತು. ಸಮಗೋಲು ಹೊಡೆದ ಅಚೆರ್ಬಿ ಇಂಟರ್‌ನ ಡಿಫೆಂಡರ್! ಮೂವತ್ತೇಳು ವರ್ಷದವನು, ಹಿಂದೆ ಎರಡು ಸಲ ಕ್ಯಾನ್ಸರನ್ನು ಗೆದ್ದು ಬಂದವನು. ಕಾವಲು ಕಾಯಬೇಕಾದವನು ತನ್ನ ಜಾಗ ಬಿಟ್ಟು ಎದುರಾಳಿಯ ಗೋಲಿನ ಮುಂದೆ ಹೋಗಿ ನಿಂತಿದ್ದ. ಜಾಗ್ರತೆಯ ತಂಡವೆಂದು ನಾನು ಹೊಗಳುತ್ತಿದ್ದವರನ್ನು ಉಳಿಸಿದ್ದು ದೊಡ್ಡದೊಂದು ದುಸ್ಸಾಹಸ.

ಈಗ ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇನೆ. ವರ್ಷವಿಡೀ ಮುನ್ನುಗ್ಗುವುದನ್ನೇ ಕಲಿತ ತಂಡಕ್ಕೆ ಐದು ನಿಮಿಷದ ಮಟ್ಟಿಗೆ ಅವಿತುಕೊಳ್ಳಲು ಹೇಳಿದರೆ ಅದು ಎರಡೂ ಅಲ್ಲದ ಆಟವಾಗುತ್ತದೆ. ಹಿಂದೆ ನಿಲ್ಲುವುದೂ ಒಂದು ವಿದ್ಯೆ, ಅದಕ್ಕೂ ಅಭ್ಯಾಸ ಬೇಕು. ಮುಂದೆ ಹೋಗುವುದಾದರೂ ಹಿಂದೆ ಬರುವುದಾದರೂ ಎಲ್ಲರೂ ಕೂಡಿಯೇ ಬರಬೇಕು. ಬಾರ್ಸಿಲೋನಾದಂಥ ತಂಡ ತನ್ನ ರೀತಿಯನ್ನು ಬಿಡಬೇಕಾಗಿಲ್ಲ. ಆದರೆ ಮುನ್ನಡೆಯಲ್ಲಿರುವಾಗ ಚೆಂಡನ್ನು ಕಳೆದುಕೊಳ್ಳದಿರುವುದು ಹೆದರಿಕೆಯಲ್ಲ. ಆ ಹುಡುಗ ಚೆಂಡನ್ನು ಮೂಲೆಗೆ ಒಯ್ಯಬೇಕಿತ್ತು ಎಂಬ ಮಾತಿಗೆ ನಾನು ಈಗಲೂ ಬದ್ಧ. ಎದುರಾಳಿಯ ಮೂಲೆ ಇರುವುದೂ ಮಧ್ಯದ ಗೆರೆಯ ಆಚೆಯೇ ಅಲ್ಲವೇ?

ಇದನ್ನೆಲ್ಲ ಫೋನಿನಲ್ಲಿ ಮೊಮ್ಮಗಳಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿ ತಾತ. ಹೇಗೆ ಆಡ್ಬೇಕು ಅಂತ ಕೋಚ್ ಹೇಳ್ತಾರೆ. ನೀವು ಮುಂದಿನ ಮ್ಯಾಚಿಗೆ ಬನ್ನಿ, ಸಾಕು," ಎಂದಳು.

ರೈಲಿನ ಟಿಕೆಟ್ ತೆಗೆಸಿದ್ದೇನೆ, ಇಬ್ಬರಿಗೂ. ಬೆಂಗಳೂರಿನ ಜನಜಂಗುಳಿ ಬೇಡವೆಂದು ಐದು ವರ್ಷದಿಂದ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಟಿಕೆಟ್ ತೋರಿಸಿದಾಗ ನನ್ನವಳು ಕನ್ನಡಕ ಹಾಕಿಕೊಂಡು ದಿನಾಂಕವನ್ನು ಎರಡು ಸಲ ಓದಿದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳಲ್ಲವೇ, ಅವಳಿಗೂ ನನ್ನ ಅಭ್ಯಾಸ ಅಂಟಿದೆ.