ಮೂರು ಊರು, ಒಂದು ಲೆಕ್ಕ

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೊರಟರೆ ನಡುವೆ ಮಸ್ಕಿ ಸಿಗುತ್ತದೆ. ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆಭೂಮಿ, ಕಣ್ಣು ಹಾಯುವವರೆಗೂ ಭತ್ತ. ಮುಂದೆ ಮಸ್ಕಿಯ ಬಂಡೆಗುಡ್ಡ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂದದ್ದು ಇಲ್ಲಿಯೇ. ಕೊನೆಗೆ, ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು. ವಿಜ್ಞಾನ ಮಾಸ್ತರನಾದ ನನಗೆ ಈ ದಾರಿಯಲ್ಲಿ ಕಾಡುವ ಪ್ರಶ್ನೆಯೇ ಬೇರೆ: ಇಂಥ ಊರುಗಳ ಕೊಳಚೆ ನೀರನ್ನು ಶುದ್ಧಗೊಳಿಸುವ ಘಟಕ ಕಟ್ಟಲು ಎಷ್ಟು ಹಣ ಬೇಕು?

ಲೆಕ್ಕ ಮನೆಯ ಬಚ್ಚಲಿನಿಂದಲೇ ಆರಂಭ. ಒಳಚರಂಡಿಯಿರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಮಾನದಂಡ. ಅದರಲ್ಲಿ ಶೇ. 80ರಷ್ಟು, ಅಂದರೆ 108 ಲೀಟರ್, ಕೊಳಚೆಯಾಗಿ ಹೊರಬರುತ್ತದೆಂದು ಹಿಡಿಯುತ್ತಾರೆ. ಲಕ್ಷ ಜನರ ಊರಿಗೆ ದಿನಕ್ಕೆ 1 ಕೋಟಿ 8 ಲಕ್ಷ ಲೀಟರಾಯಿತು. ಇದನ್ನು ಒಂದೂವರೆ ಮೀಟರ್ ಆಳದ ಕೊಳಗಳಲ್ಲಿ ಹತ್ತು ದಿನ ನಿಲ್ಲಿಸಿ, ಪಾಚಿ ಹಾಗೂ ಬ್ಯಾಕ್ಟೀರಿಯಾಗಳಿಂದ ಶುದ್ಧಗೊಳಿಸಬೇಕಾದರೆ ಕೊಳಗಳಿಗೇ ಸುಮಾರು 18 ಎಕರೆ ಬೇಕು. ನಮ್ಮ ಸೀಮೆಯ ಬಿಸಿಲು ಪುಕ್ಕಟೆ, ಭೂಮಿ ಪುಕ್ಕಟೆಯಲ್ಲ. ಜಾಗ ಉಳಿಸಲು ಯಂತ್ರದಿಂದ ಗಾಳಿ ಊದಿದರೆ ತಿಂಗಳು ತಿಂಗಳೂ ವಿದ್ಯುತ್ ಬಿಲ್ಲು ಬರುತ್ತದೆ.

ಇನ್ನು ನೆಲದ ಮಾತು. ಕೊಳಚೆ ತಾನಾಗಿಯೇ ಇಳಿಜಾರಿಗೆ ಹರಿಯಬೇಕು. 250 ಮೀಟರಿಗೆ 1 ಮೀಟರಿನಂತೆ ಇಳಿಸುತ್ತ ಹೋದರೆ, ಸಮತಟ್ಟಾದ ನೆಲದಲ್ಲಿ 2 ಕಿ.ಮೀ. ಮುಗಿಯುವಷ್ಟರಲ್ಲಿ ಕೊಳವೆ 8 ಮೀಟರ್ ಕೆಳಗಿರುತ್ತದೆ. ಆಗ ಪಂಪು ಬೇಕೇ ಬೇಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಹಾಗಾಗಿ ಅಡಿಪಾಯಕ್ಕೆ ಹೆಚ್ಚು ಖರ್ಚು. ಬಂಡೆಯಿದ್ದಲ್ಲಿ ಅಗೆಯುವ ಕೂಲಿಯೇ ಹೆಚ್ಚು.

ಹಾಗಾದರೆ ದೊಡ್ಡ ನಗರದ ಘಟಕದ ವೆಚ್ಚ ನೋಡಿ ತ್ರೈರಾಶಿಕ ಹಾಕಬಹುದೇ? ಬಾರದು. ಸಾಮರ್ಥ್ಯ ಎರಡರಷ್ಟಾದರೆ ವೆಚ್ಚ ಸುಮಾರು ಒಂದೂವರೆಯಷ್ಟು ಮಾತ್ರ ಎಂಬುದು ಇಂಜಿನಿಯರುಗಳ ಸ್ಥೂಲ ಅಂದಾಜು. ಅಂದರೆ ಲೀಟರ್ ಲೆಕ್ಕದಲ್ಲಿ ಸಣ್ಣ ಊರಿಗೇ ಹೊರೆ ಹೆಚ್ಚು. ಮೂರೂ ಊರಿಗೆ ಒಂದೇ ಘಟಕ ಕಟ್ಟೋಣವೆಂದರೆ, ನಡುವಿನ ಹತ್ತಾರು ಕಿಲೋಮೀಟರ್ ಕೊಳವೆ ಆ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ.

ಅಂದಾಜು ಪಟ್ಟಿಯಲ್ಲಿ ತೊಟ್ಟಿ, ಯಂತ್ರಗಳೊಂದಿಗೆ ಮನೆಮನೆಯ ಸಂಪರ್ಕವೂ ಸೇರಿರಬೇಕು. ಅದನ್ನು ಬಿಟ್ಟರೆ ಘಟಕ ಒಣಗಿ ನಿಲ್ಲುತ್ತದೆ, ಕೊಳಚೆ ಹಳ್ಳ ಸೇರುತ್ತದೆ. ಆ ಹಳ್ಳದಲ್ಲಿ ಕೆಳಗಿನ ಊರಿನ ದನ ನೀರು ಕುಡಿಯುತ್ತವೆ.

ವಿದ್ಯಾರ್ಥಿಗಳೇ, ನಿಮ್ಮ ಓಣಿಯ ಜನರನ್ನು ಎಣಿಸಿ 108ರಿಂದ ಗುಣಿಸಿರಿ. ಅಷ್ಟು ನೀರು ಎಲ್ಲಿಗೆ ಹೋಗುತ್ತಿದೆಯೆಂದು ಮನೆಯ ಹಿರಿಯರೊಡನೆ ಒಮ್ಮೆ ನಡೆದು ನೋಡಿ ಬನ್ನಿರಿ.