ಮೃತ್ಯುಕಣಿವೆಯಲ್ಲೊಂದು ಮಧ್ಯಾಹ್ನ

ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಡೆತ್ ವ್ಯಾಲಿ, ಎಂದರೆ ಮೃತ್ಯುಕಣಿವೆ, ಎಂಬ ಮರುಭೂಮಿಯೊಂದುಂಟು. 1849ರಲ್ಲಿ ಚಿನ್ನವನ್ನರಸಿ ಹೊರಟ ವಲಸೆಗಾರರು ಇಲ್ಲಿ ಸಿಕ್ಕಿಬಿದ್ದು ಪಟ್ಟ ಪಾಡಿನಿಂದ ಈ ಹೆಸರು ಬಂದಿತು. ಇದರ ಅತಿ ತಗ್ಗಾದ ನೆಲವು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಇಲ್ಲಿಯ ಫರ್ನೇಸ್ ಕ್ರೀಕ್ ಎಂಬಲ್ಲಿ 1913ನೆಯ ಇಸವಿ ಜುಲೈ 10ರಂದು 134 ಡಿಗ್ರಿ ಫ್ಯಾರನ್‌ಹೀಟ್ ಉಷ್ಣವು ದಾಖಲೆಯಾಯಿತು. ಕೆಲವರು ಸಂದೇಹಪಡುವರಾದರೂ, ಭೂಮಂಡಲದಲ್ಲೆಲ್ಲ ಅದೇ ಪರಮಾವಧಿಯೆಂದು ಇಂದಿಗೂ ಎಣಿಕೆ. ಇಲ್ಲಿಯ ಮೂಲನಿವಾಸಿಗಳಾದ ಟಿಂಬಿಶಾ ಶೋಶೋನಿ ಜನರು ಬೇಸಗೆ ಬಂದೊಡನೆ ಬೆಟ್ಟವನ್ನೇರಿ ತಂಪಾದ ಎಡೆಯಲ್ಲಿ ಇರುತ್ತಿದ್ದರು. ನಾವಾದರೋ ಮೇ ತಿಂಗಳಿನಲ್ಲಿಯೇ ಕಣಿವೆಗೆ ಇಳಿದೆವು.

ಆ ದೇಶದಲ್ಲಿ ನೆಲಸಿರುವ ನನ್ನ ಮಗನು ಮೋಟಾರ್‌ಹೋಮ್ ಒಂದನ್ನು ಬಾಡಿಗೆಗೆ ಹಿಡಿದಿದ್ದನು. ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಉಳ್ಳ ಚಕ್ರದ ಮೇಲಣ ಮನೆಯದು. ಮಾಳಿಗೆಯ ಮೇಲೆ ತಂಪುಗಾಳಿಯ ಯಂತ್ರ. ಅದಕ್ಕೆ ವಿದ್ಯುತ್ತನ್ನು ಒದಗಿಸಲು ನೆಲಗಟ್ಟಿನ ಕೆಳಗೆ ಡೀಸೆಲ್ ಜನರೇಟರ್. ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಮಿಕ್ಕುದರಲ್ಲಿ ಬಹುಭಾಗವು ರೇಡಿಯೇಟರಿನ ಮೂಲಕವೂ ಹೊಗೆಯ ಕೊಳವೆಯ ಮೂಲಕವೂ ಹೊರಬೀಳಬೇಕು. ಪೂರ್ಣಭಾರ ಹೊತ್ತಾಗ ಎಂಜಿನ್ನನ್ನು ಬಿಡುವ ಹೊಗೆಯ ತಾಪವು 400 ಡಿಗ್ರಿ ಸೆಂಟಿಗ್ರೇಡನ್ನು ಮೀರಬಹುದು. ಮನೆಯೊಳಗನ್ನು ತಂಪುಮಾಡಲು ಮನೆಯ ಅಡಿಯಲ್ಲಿ ಒಲೆ ಹೊತ್ತಿಸಿದಂತೆ!

ಬಿಡಾರ ಹೂಡಿದ ಸ್ಥಳದಲ್ಲಿ ಮರವಿದ್ದುದು ದೂರದಲ್ಲಿ. ನನ್ನ ಗೃಹಿಣಿಗೆ ರಕ್ತದ ಒತ್ತಡದ ಬಾಧೆಯುಂಟು. ಕಾದ ನೆಲದ ಝಳ ತಟ್ಟಬಾರದೆಂದು ಎಣಿಸಿ ವಾಹನದ ಎರಡು ಪಕ್ಕಗಳಿಗೂ ನೆಲಮುಟ್ಟುವಂತೆ ಟಾರ್ಪಾಲನ್ನು ನಾನೇ ಕಟ್ಟಿದೆನು. ನಲವತ್ತು ನಿಮಿಷಗಳಲ್ಲಿ ಜನರೇಟರ್ ತಾನಾಗಿ ನಿಂತಿತು. ಮಗನು ಮತ್ತೆ ನಡೆಸಿದನು, ಮತ್ತೆ ನಿಂತಿತು. ಅಷ್ಟರಲ್ಲಿ ಆಕೆ ತಲೆನೋವೆಂದು ಮಲಗಿದಳು. ಬಿಸಿಲಿನ ದೆಸೆಯಿಂದ ಎಂದುಕೊಂಡು ಮಜ್ಜಿಗೆ ಕೊಟ್ಟೆನು.

ನೆರೆಯ ಬಿಡಾರದ ಮುದುಕನೊಬ್ಬನು, ಲಾರಿಗಳನ್ನು ರಿಪೇರಿಮಾಡಿ ಆಯುಷ್ಯ ಕಳೆದವನಂತೆ, ಸದ್ದು ಕೇಳಿ ಬಂದನು. ಬಂದವನು ಯಂತ್ರವನ್ನು ನೋಡಲಿಲ್ಲ, ಟಾರ್ಪಾಲನ್ನು ನೋಡಿದನು. "ಮೊದಲು ಇದನ್ನು ಕಿತ್ತುಹಾಕಿ, ಅಮ್ಮನವರನ್ನು ಹೊರಗೆ ಕರೆತನ್ನಿ" ಎಂದನು. ಆಮೇಲೆ ವಿವರಿಸಿದನು. ಆ ಯಂತ್ರವು ತಂಪಿಗೆ ಬೇಕಾದ ಗಾಳಿಯನ್ನು ವಾಹನದ ಅಡಿಯಿಂದಲೇ ಸೆಳೆಯುವುದು. ಹೊಗೆಯೂ ಬಿಸಿಗಾಳಿಯೂ ಅಲ್ಲಿಯೇ ಸುತ್ತಿಕೊಂಡಿದ್ದರೆ, ತಾನು ಉಗುಳಿದ ಬಿಸಿಯನ್ನು ತಾನೇ ಮರಳಿ ಕುಡಿಯುವುದು. ತಾಪವು ಮಿತಿಮೀರಿದಾಗ ಯಂತ್ರವು ನಿಂತದ್ದು ದೋಷವಲ್ಲ, ರಕ್ಷಣೆ. ಡೀಸೆಲಿನ ಹೊಗೆಯಲ್ಲಿ ಪೆಟ್ರೋಲಿನದಕ್ಕಿಂತ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಕಡಮೆ, ಇಲ್ಲವೆಂದಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕಂಡು ಕೂಗಬೇಕಾದ ಗಂಟೆಯು ಗೋಡೆಯ ಮೇಲಿತ್ತು. ಮಗನು ತೆಗೆದು ನೋಡಿದರೆ ಅದರ ಅವಧಿಯು ಎಂದೋ ಮುಗಿದಿದ್ದಿತು.

ಮುದುಕನು ನೆಲದ ಮೇಲೆ ಮಲಗಿ ಕೊಳವೆಯನ್ನೂ ತೋರಿಸಿದನು. ಅದಕ್ಕೂ ನೆಲಗಟ್ಟಿಗೂ ನಡುವೆ ತಗಡಿನ ಮರೆಯೊಂದಿದ್ದು, ತಗಡಿಗೂ ಮೇಲಣ ಹಲಗೆಗೂ ಎಡೆಯಲ್ಲಿ ಗಾಳಿಯಾಡಲು ತೆರಪಿತ್ತು. ಒಂದು ತಿರುಪು ಕಳಚಿ ತಗಡು ಜೋತು ಕೊಳವೆಗೆ ತಾಗಿದ್ದುದನ್ನು ಯಂತ್ರವು ಆರಿದ ಮೇಲೆ ತಂತಿಯಿಂದ ಬಿಗಿದನು. ಕೊಳವೆಗೆ ನಾರುಬಟ್ಟೆ ಸುತ್ತಿದರೆ ಲೇಸಲ್ಲವೆ ಎಂದು ಕೇಳಿದೆನು. ಬಿಸಿಯೇನೋ ತಡೆಯುವುದು, ಆದರೆ ಬಟ್ಟೆಯು ತೇವವನ್ನು ಹಿಡಿದಿಟ್ಟು ಕೊಳವೆಗೆ ತುಕ್ಕು ಹಿಡಿಸಬಹುದು. ತೂತುಬಿದ್ದರೂ ಕಾಣದು, ಎಂದನು. ಕೊಳವೆಯ ಬಾಯಿ ಒಣಹುಲ್ಲಿನ ಕಡೆಗೆ ಇರದಂತೆಯೂ, ಗಾಳಿಯು ಹೊಗೆಯನ್ನು ಕಿಟಕಿಗಳಿಂದ ಆಚೆಗೆ ಒಯ್ಯುವಂತೆಯೂ ವಾಹನವನ್ನು ತಿರುಗಿಸಿ ನಿಲ್ಲಿಸಿದೆವು. ಅನಂತರ ಜನರೇಟರ್ ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ.

ದೂರದ ಮರದ ನೆರಳಿನಲ್ಲಿ ಒಂದು ಗಂಟೆ ಕುಳಿತ ಮೇಲೆ ಆಕೆಯ ತಲೆನೋವು ಇಳಿಯಿತು. ಬಿಸಿಲಿನದೋ ಹೊಗೆಯದೋ ಇಂದಿಗೂ ನಿಶ್ಚಯವಿಲ್ಲ. ರಾತ್ರಿಯ ವೇಳೆ ಅಲ್ಲಿ ಜನರೇಟರ್ ನಡೆಸಕೂಡದೆಂದು ನಿಯಮ. ಯಂತ್ರವು ನಿಂತ ಬಳಿಕ ಕಾದ ಕೊಳವೆಯು ಟಿಕ್ ಟಿಕ್ಕೆಂದು ಆರುತ್ತಿರಲು, ನಾವು ಹೊರಗೆ ಕುರ್ಚಿ ಹಾಕಿಕೊಂಡು ಊಟಮಾಡಿದೆವು. ನಾನು ಟಾರ್ಪಾಲನ್ನು ಮಡಿಸುತ್ತಿದ್ದೆನು.

"ಅದನ್ನು ತಳದಲ್ಲಿಡಿ," ಎಂದಳು ಆಕೆ, "ನಾಳೆ ಕೈಗೆ ಸಿಕ್ಕದ ಹಾಗೆ."