ಆಟದ ಮುಖವಾಡಕ್ಕೆ ನನ್ನ ಸೂಜಿ-ದಾರ

ಪೇಂಟ್‌ಬಾಲ್ ಎಂಬ ಆಟದ ಹೆಸರು ನಿಮ್ಮ ಕಿವಿಗೆ ಬಿದ್ದಿದೆಯೆ? ಬಿದ್ದಿಲ್ಲವಾದರೆ ನಿಮ್ಮ ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಕಾಲೇಜಿನ ಗುಂಪೋ ಆಫೀಸಿನ ಗುಂಪೋ ರಜೆಯ ದಿನ ಬೆಂಗಳೂರಿನ ಹೊರಗೆ ಎಲ್ಲಿಗಾದರೂ ಹೋಗಿ, ತೋಳಿನ ಮೇಲೆ ದುಂಡಗಿನ ನೀಲಿ ಗಾಯ ಹೊತ್ತು ಬಂದು, "ಎಲ್ಲೋ ತಗಲಿಸ್ಕೊಂಡೆ ಕಣಮ್ಮ" ಅಂದರೆ ಅದು ಬಹುಶಃ ಈ ಆಟವೇ. ಗಾಳಿಯ ಒತ್ತಡದ ಬಂದೂಕಿನಿಂದ ಬಣ್ಣದ ಗುಂಡು ಹಾರಿಸಿ ಎದುರು ತಂಡದವರ ಮೈಮೇಲೆ ಬಣ್ಣ ಒಡೆಸಬೇಕು. ಬಣ್ಣ ಬಿದ್ದವನು ಆಟದಿಂದ ಹೊರಗೆ. ಹೋಳಿಗೂ ಕಣ್ಣಾಮುಚ್ಚಾಲೆಗೂ ಮದುವೆ ಮಾಡಿಸಿದ ಹಾಗಿದೆ ಅಂತ ನಾನು ನಕ್ಕಿದ್ದೆ. ಆದರೆ ಆ ಗುಂಡಿನ ವೇಗ ಕೇಳಿದ ಮೇಲೆ ನಗು ನಿಂತಿತು.

ಗುಂಡಿನ ಅಡ್ಡಳತೆ ಸುಮಾರು 17 ಮಿಲಿಮೀಟರ್, ತೂಕ ಮೂರು ಗ್ರಾಮಿನ ಆಸುಪಾಸು. ಔಷಧದ ಕ್ಯಾಪ್ಸೂಲಿನ ಹಾಗೆ ಹೊರಗೆ ಜೆಲಾಟಿನ್ ಸಿಪ್ಪೆ, ಒಳಗೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ. (ಜೆಲಾಟಿನ್ ಸಾಮಾನ್ಯವಾಗಿ ಪ್ರಾಣಿಜನ್ಯ. ಮಡಿ ಮಾಡುವ ಮನೆಯವರು ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಕೊಳ್ಳಿ!) ವೇಗಕ್ಕೆ ಮೈದಾನದವರು ಹಾಕುವ ಮೇಲಿನ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ. ಅಂದರೆ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ತೋಳಿಗೆ ಬಿದ್ದರೆ ನೀಲಿಗಟ್ಟಿ ವಾರದಲ್ಲಿ ಮಾಯುತ್ತೆ. ಕಣ್ಣಿಗೆ ಬಿದ್ದರೆ?

ಕ್ರಿಕೆಟ್ ಚೆಂಡಿಗಿಂತ ಈ ಪುಟ್ಟ ಗುಂಡು ಕಣ್ಣಿಗೆ ಅಪಾಯವಾಗುವುದಕ್ಕೆ ಕಾರಣವಿದೆ. ನಮ್ಮ ಕಣ್ಣುಗುಳಿಯ ಅಗಲ ಸುಮಾರು ನಾಲ್ಕು ಸೆಂಟಿಮೀಟರ್. ಕ್ರಿಕೆಟ್ ಚೆಂಡು ಏಳು ಸೆಂಟಿಮೀಟರ್ ಇರುವುದರಿಂದ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಅದನ್ನು ಬಹುಮಟ್ಟಿಗೆ ತಡೆಯುತ್ತವೆ. ಬಣ್ಣದ ಗುಂಡು ನೇರ ಗುಳಿಯೊಳಕ್ಕೇ ನುಗ್ಗುತ್ತೆ. ನಮ್ಮ ಹಳ್ಳಿಗಳಲ್ಲಿ ಚಿನ್ನಿದಾಂಡಿನ ಚಿನ್ನಿ ಎಷ್ಟು ಮಕ್ಕಳ ಕಣ್ಣು ತೆಗೆದಿದೆ ಅಂತ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಲೆಕ್ಕ ಅದೇ. ಒಳಗೆ ರಕ್ತಸ್ರಾವವಾಗಬಹುದು, ಕಣ್ಣಿನ ಮಸೂರ ಜಾರಬಹುದು, ಹಿಂದಿನ ಪರದೆ ಕಿತ್ತುಕೊಳ್ಳಬಹುದು.

ಆದ್ದರಿಂದ ಈ ಆಟದಲ್ಲಿ ಮುಖವಾಡ ಅಂದರೆ ಅಲಂಕಾರವಲ್ಲ.

ನನಗೂ ಇದಕ್ಕೂ ಏನು ಸಂಬಂಧ ಅಂತೀರಾ? ಪಾಂಡವಪುರದ ನಮ್ಮ ಮನೆಯಲ್ಲಿ ಒಂದು ಹೊಲಿಗೆ ಮಿಷನ್ನಿದೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಜೊತೆ ಓದಿದವರು ಮೂವರು: ಕೆ.ಆರ್. ಪೇಟೆಯ ಹುಡುಗ, ನಾಗಮಂಗಲದ ಹುಡುಗ, ಶ್ರೀರಂಗಪಟ್ಟಣದ ಹುಡುಗಿ. ನಾಲ್ವರಿಗೂ ಈ ಆಟದ ಹುಚ್ಚು. ಮೈದಾನದಲ್ಲಿ ಬಾಡಿಗೆಗೆ ಕೊಡುವ ಮುಖವಾಡ ಹತ್ತು ಜನರ ಬೆವರು ಕುಡಿದದ್ದು, ಗಾಜು ಗೀಚಿದ್ದು, ಉಸಿರು ಬಿಟ್ಟರೆ ಮಂಜು ಕಟ್ಟುವಂಥದ್ದು ಅಂತ ಬೇಸತ್ತು ಸ್ವಂತದ್ದೇ ಕೊಳ್ಳುವುದೆಂದು ತೀರ್ಮಾನಿಸಿದರು. ಹಳೆಯದೊಂದನ್ನು ಹಿಡಿದುಕೊಂಡು ಹಬ್ಬಕ್ಕೆ ಬಂದ ನನ್ನ ಮಗ ಹೇಳಿದ, "ಚಿಕ್ಕಮ್ಮ, ಇದರ ಪಟ್ಟಿ ನಿಲ್ಲಲ್ಲ, ಬೆವರು ಕಣ್ಣಿಗಿಳಿಯುತ್ತೆ. ಹೊಸದು ತಗೊಂಡ್ರೆ ನೀನೇ ಸರಿಮಾಡಿ ಕೊಡ್ಬೇಕು."

ಜಗಲಿಯ ಮೇಲೆ ಕೂತಿದ್ದ ನಮ್ಮತ್ತೆ ಅದನ್ನು ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಏನವ್ವ ಇದು, ಸೋಮನ ಮುಖ ಇದ್ದಂಗದೆ" ಅಂದರು. ನಮ್ಮ ಕಡೆ ಗ್ರಾಮದೇವತೆಯ ಹಬ್ಬದಲ್ಲಿ ಸೋಮನ ಕುಣಿತ ನೋಡಿದವರಿಗೆ ಗೊತ್ತು: ಒಂದು ಕೆಂಪು ಸೋಮ, ಒಂದು ಹಳದಿ ಸೋಮ, ಅಗಲವಾದ ಕಣ್ಣು, ದಪ್ಪ ಮೀಸೆ. ಆಮೇಲೆ ಅತ್ತೆ ಮೆಲ್ಲಗೆ, "ಕಣ್ ಕಾಯ್ತದಾ ಇದು?" ಅಂತ ಕೇಳಿದರು. ಆ ಮಾತು ನನಗೆ ನಾಟಿತು. ಯಾಕೆಂದರೆ ನಮ್ಮತ್ತೆಗೆ ಎಡಗಣ್ಣು ಕಾಣಿಸುವುದಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯಲ್ಲಿ ಅವರ ಜಮೀನು. ಕಬ್ಬಿನ ಗದ್ದೆಯಲ್ಲಿ ಒಣಗರಿ ಸುಲಿಯುತ್ತಿದ್ದಾಗ ಒಂದು ಗರಿಯ ಅಂಚು ಕಣ್ಣಿಗೆ ಸವರಿತಂತೆ. ನಾನು ಆಗಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ಎದೆಹಾಲು ಬಿಟ್ಟರು, ನಂದಿಬಟ್ಟಲ ಹೂವಿನ ರಸ ಬಿಟ್ಟರು, ಕಡೆಗೆ ಅಂಗಡಿಯೊಂದರಿಂದ ಕೆಂಪು ಇಳಿಸುವ ಹನಿ ತಂದು ಬಿಟ್ಟರು. ಮೊದಲು ಹಾಯೆನಿಸಿತು, ವಾರ ಕಳೆಯುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಮೈಸೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸುವ ಹೊತ್ತಿಗೆ ಹುಣ್ಣು ಆಳಕ್ಕಿಳಿದಿತ್ತು. ಹಸಿರು ಎಲೆ, ಕಡ್ಡಿ, ಭತ್ತದ ತೆನೆ ತಗಲಿದ ಗಾಯದಲ್ಲಿ ಬೂಷ್ಟು ಬೆಳೆಯುವುದುಂಟು. ಸ್ಟೀರಾಯ್ಡ್ ಇರುವ ಹನಿ ಬಿಟ್ಟರೆ ಉರಿ ತಗ್ಗುತ್ತೆ, ಬೂಷ್ಟು ಮಾತ್ರ ಸೊಂಪಾಗಿ ಬೆಳೆಯುತ್ತೆ. ಹುಣ್ಣು ಮಾಯಿತು, ಹೂ ಉಳಿಯಿತು. ನಮ್ಮ ಕಡೆ "ಕಣ್ಣಿಗೆ ಹೂ ಬಿದ್ದದೆ" ಅನ್ನುತ್ತಾರಲ್ಲ, ಅದು.

ಹೀಗಾಗಿ ಮುಖವಾಡದ ಆಯ್ಕೆಗೆ ನಾನೂ ಹೊರಟೆ. ಹುಡುಗರು ಬಣ್ಣ ನೋಡುತ್ತಿದ್ದರು, ನಾನು ಅಂಚು ನೋಡಿದೆ. ನಾನು ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಗಾಜು. ಗಾಜು ಅನ್ನುತ್ತೇವೆಯೇ ಹೊರತು ಅದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಈ ಆಟಕ್ಕೆಂದೇ ಅಮೆರಿಕದವರು ಮಾಡಿದ ಎ.ಎಸ್.ಟಿ.ಎಂ. ಎಫ್ 1776 ಎಂಬ ಮಾನಕವೊಂದಿದೆ. ಪೆಟ್ಟಿಗೆಯ ಮೇಲೋ ಚೌಕಟ್ಟಿನ ಮೇಲೋ ಆ ಅಂಕಿ ಇದೆಯೇ ನೋಡಿ. ಈಜುವ ಕನ್ನಡಕ, ವೆಲ್ಡಿಂಗ್ ಕನ್ನಡಕ, ಬೈಕಿನ ಹೆಲ್ಮೆಟ್ಟಿನ ಗಾಜು, ಇವು ಯಾವುವೂ ಇದಕ್ಕೆ ಬದಲಿಯಲ್ಲ. 1981ರ ಜೂನ್ 27ರಂದು ಅಮೆರಿಕದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ ಹನ್ನೆರಡು ಮಂದಿ ಈ ಆಟವನ್ನು ಮೊದಲು ಆಡಿದರಂತೆ. ಮರಗಳಿಗೂ ದನಗಳಿಗೂ ಗುರುತು ಹಾಕುವ ಬಂದೂಕೇ ಅವರ ಆಯುಧ. ಗೆದ್ದವನು ಕಾಡಿನ ಕೆಲಸ ಬಲ್ಲ ಒಬ್ಬ, ಒಂದು ಗುಂಡೂ ಹಾರಿಸದೆ ಎಲ್ಲರ ಬಾವುಟ ಎತ್ತಿಕೊಂಡು ಬಂದ. (ಈ ಕತೆ ನನಗೆ ಬಹಳ ಇಷ್ಟ.) ಆಗ ಕಾರ್ಖಾನೆಯ ಸಾದಾ ಕನ್ನಡಕವೇ ಗತಿ. ಕಿವಿ, ದವಡೆ, ಗದ್ದ ಎಲ್ಲ ಮುಚ್ಚುವ ಮುಖವಾಡ ಆಮೇಲೆ ಬಂತು. ಈಗ ಅರ್ಧಕ್ಕೆ ಯಾರೂ ಒಪ್ಪಬಾರದು.

ಗಾಜಿನಲ್ಲಿ ಎರಡು ಬಗೆ. ಒಂದೇ ಪದರದ್ದು ಅಗ್ಗ, ಬೇಗ ಮಂಜು ಕಟ್ಟುತ್ತೆ. ನಡುವೆ ಗಾಳಿ ಬಿಟ್ಟ ಎರಡು ಪದರದ್ದು ತುಸು ದುಬಾರಿ, ಮಂಜು ಕಡಿಮೆ. ಇಲ್ಲಿ ನಾಲ್ಕು ಕಾಸು ಉಳಿಸಲು ಹೋಗಬೇಡಿ. ಈ ಆಟದಲ್ಲಿ ಕಣ್ಣು ಕಳೆದುಕೊಂಡವರಲ್ಲಿ ಬಹುಪಾಲು ಮಂದಿ ಆ ಗಳಿಗೆಯಲ್ಲಿ ಮುಖವಾಡ ಹಾಕಿರಲಿಲ್ಲ. ಒರೆಸಿಕೊಳ್ಳೋಣವೆಂದು ಮೈದಾನದ ಮಧ್ಯೆಯೇ ಒಂದು ಕ್ಷಣ ಎತ್ತಿದವರೂ ಅವರಲ್ಲಿದ್ದಾರೆ. ಮಂಜು ಕಟ್ಟದ ಗಾಜು ಅಂದರೆ ತೆಗೆಯಬೇಕಾಗದ ಮುಖವಾಡ.

ಆಮೇಲೆ ಅಳತೆ. ರವಿಕೆ ಹೊಲಿಯುವವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ, ಒಬ್ಬರಿಗೆ ಕೂತದ್ದು ಇನ್ನೊಬ್ಬರಿಗೆ ಕೂರುವುದಿಲ್ಲ. ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲಿ. ಒಳಗಿನ ಸ್ಪಂಜು ಹಣೆಗೂ ಕಣತಲೆಗೂ ಕೆನ್ನೆಗೂ ಸುತ್ತ ಅಂಟಿರಬೇಕು. ಕಿರುಬೆರಳು ತೂರುವಷ್ಟು ಸಂದು ಕಂಡರೆ ಬೇರೆಯದು ನೋಡಿ. ನಾಟಿ ಹಾಕುವವರ ಹಾಗೆ ಬಗ್ಗಿ, ತಲೆ ಕೊಡವಿ, ಹೋ ಅಂತ ಕೂಗಿ. ಜಾರಬಾರದು. ಹತ್ತು ನಿಮಿಷ ಹಾಗೇ ಇಟ್ಟುಕೊಂಡಿರಿ, ಎಲ್ಲಿ ಒತ್ತುತ್ತೆ ಅಂತ ಆಗ ಗೊತ್ತಾಗುತ್ತೆ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಹೆಣ್ಣುಮಕ್ಕಳಿಗೆ ಬೇರೆಯೇ ಪಾಡಿದೆ, ಅದನ್ನು ಯಾವ ಗಂಡಸೂ ಹೇಳಿಕೊಡುವುದಿಲ್ಲ. ಶ್ರೀರಂಗಪಟ್ಟಣದ ಹುಡುಗಿಗೆ ಉದ್ದ ಜಡೆ, ಮೇಲಾಗಿ ಕನ್ನಡಕ. ಎತ್ತರಕ್ಕೆ ತುರುಬು ಕಟ್ಟಿದರೆ ಪಟ್ಟಿ ಮೇಲಕ್ಕೆ ಜಾರಿ ಮುಖವಾಡ ಸಡಿಲವಾಗುತ್ತಿತ್ತು. ಜಡೆಯನ್ನು ಕತ್ತಿನ ಹತ್ತಿರ ತಗ್ಗಿಗೆ ಹೆಣೆದು ಪಟ್ಟಿಯನ್ನು ಅದರ ಮೇಲೆ ಕೂರಿಸಿದೆವು. ಝುಮುಕಿ ಬಿಚ್ಚಿಟ್ಟೇ ಹೋಗಬೇಕು, ಕಿವಿಮುಚ್ಚಿಗೆಯ ಮೇಲೆ ಗುಂಡು ಬಿದ್ದರೆ ಓಲೆಯ ತಿರುಪು ಚುಚ್ಚುತ್ತೆ. ಕನ್ನಡಕದ ಕಡ್ಡಿ ಸ್ಪಂಜನ್ನು ಎತ್ತಿ ಹಿಡಿದು ಸಂದು ಮಾಡುತ್ತೆ. ಕನ್ನಡಕದವರಿಗೆಂದೇ ಪಕ್ಕದಲ್ಲಿ ಕಚ್ಚು ಬಿಟ್ಟ, ಒಳಗೆ ಆಳವಿರುವ ಮುಖವಾಡ ಸಿಗುತ್ತೆ. ಹುಡುಕಿ ಅದನ್ನೇ ಕೊಂಡೆವು. ಒಳಗಿನ ಕನ್ನಡಕವೂ ಗಾಜಿನದಾಗಿರದೆ ಪ್ಲಾಸ್ಟಿಕ್ಕಿನದಾಗಿರಲಿ.

ಮುಖವಾಡ ಬಂದ ಮೇಲೆ ಶುರುವಾಯಿತು ಸಿಂಗಾರ. ಕೆ.ಆರ್. ಪೇಟೆಯ ಹುಡುಗ, ಗಾಳಿ ಬರಲಿ ಅಂತ ಡ್ರಿಲ್ಲಿಂಗ್ ಮಿಷನ್ ತಗೊಂಡು ಇನ್ನೂ ನಾಲ್ಕು ತೂತು ಕೊರೆಯಲು ಕೂತ. ನಾನು ಮಿಷನ್ನನ್ನೇ ಅಟ್ಟಕ್ಕೆ ಹಾಕಿದೆ. ತೂತು ಕೊರೆದರೆ ಅಲ್ಲಿಂದಲೇ ಸೀಳು ಹುಟ್ಟುತ್ತೆ. ನಾಗಮಂಗಲದವನಿಗೆ ಅತ್ತೆಯ ಮಾತು ಕೇಳಿ ಸೋಮನ ಮುಖವೇ ಬೇಕಾಯಿತು, ಗೇಟಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿಯೊಂದಿಗೆ ಥಿನ್ನರ್ ತಂದೇಬಿಟ್ಟ. ಪಾಲಿಕಾರ್ಬೊನೇಟಿಗೆ ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ, ಅಮೋನಿಯ ಇರುವ ಗಾಜು ಒರೆಸುವ ದ್ರವ, ಇವೆಲ್ಲ ವಿಷ. ಕಣ್ಣಿಗೆ ಕಾಣದ ಹಾಗೆ ಪೆಡಸು ಮಾಡುತ್ತವೆ, ಗುಂಡು ಬಿದ್ದ ದಿನ ಗೊತ್ತಾಗುತ್ತೆ. ಬಣ್ಣ ಬೇಡ, ಬಟ್ಟೆ ಮಾಡೋಣ ಅಂದೆ.

ಗಾಜನ್ನೂ ಉಸಿರಿನ ಕಿಂಡಿಗಳನ್ನೂ ಮುಟ್ಟದ ಹಾಗೆ, ಹಣೆ ಮತ್ತು ಕೆನ್ನೆಯ ಭಾಗಕ್ಕೆ ಮಾತ್ರ ಕೂರುವ ಬಟ್ಟೆಯ ಹೊದಿಕೆ ಹೊಲಿದೆ. ಮೊದಲು ಹಳೇ ದಿನಪತ್ರಿಕೆ ಹಿಡಿದು ಅಚ್ಚು ಕತ್ತರಿಸಿಕೊಂಡೆ, ಅಂಚಿಗೆ ಎಲಾಸ್ಟಿಕ್ ಕೊಟ್ಟೆ. ನಾಗಮಂಗಲದವನಿಗೆ ಕೆಂಪು ಬಟ್ಟೆಯ ಮೇಲೆ ಹಳದಿ ದಾರದಲ್ಲಿ ಸೋಮನ ಮೀಸೆ, ಹುಬ್ಬು. ಶ್ರೀರಂಗಪಟ್ಟಣದವಳು ಟಿಪ್ಪುವಿನ ಸಿಪಾಯಿಗಳ ಅಂಗಿಯ ಹುಲಿಪಟ್ಟೆ ಬೇಕೆಂದಳು, ಅದು ಸುಲಭವಾಯಿತು. ನನ್ನ ಮಗನಿಗೆ, ಊರಿನ ಹೆಸರಿಗೆ ತಕ್ಕಂತೆ, ಭೀಮನ ಗದೆ. ಕೆ.ಆರ್. ಪೇಟೆಯವನು ಹೊಸಹೊಳಲು ದೇವಸ್ಥಾನದ ಮಕರವೇ ಬೇಕೆಂದು ಹಟ ಹಿಡಿದ. ಹೊಯ್ಸಳ ಶಿಲ್ಪಿ ಉಳಿಯಲ್ಲಿ ಮಾಡಿದ್ದನ್ನು ಸೂಜಿಯಲ್ಲಿ ಮಾಡುವ ತಾಕತ್ತು ನನಗಿಲ್ಲ ಕಣಪ್ಪ ಅಂತ ಎರಡು ಕಬ್ಬಿನ ಜಲ್ಲೆ ಕಸೂತಿ ಹಾಕಿ ಕಳಿಸಿದೆ.

ಅಂದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಸಣ್ಣಪುಟ್ಟ ಹೊಲಿಗೆ. ಹಳೇ ಬನಿಯನ್ ಬಟ್ಟೆ ನಾಲ್ಕು ಪದರ ಮಡಿಸಿ ಹಣೆಗೆ ಕಟ್ಟುವ ಬೆವರುಪಟ್ಟಿ. ಅದನ್ನು ಸ್ಪಂಜಿನ ಕೆಳಗೆ ಸಿಕ್ಕಿಸಬಾರದು, ಮೇಲುಗಡೆ ಇರಬೇಕು, ಇಲ್ಲವಾದರೆ ಮತ್ತೆ ಸಂದು. ಗಂಟಲಿಗೆ ಗುಂಡು ಬೀಳದಂತೆ ಹಳೇ ದುಪ್ಪಟಿಯ ತುಂಡಿನಲ್ಲಿ ಕೌದಿ ಹೊಲಿಗೆಯ ಕೊರಳಪಟ್ಟಿ. ಗದ್ದದ ಕೆಳಗೆ ಕಟ್ಟುವ ಎರಡನೇ ಪಟ್ಟಿ, ಓಡುವಾಗ ಯಾರಾದರೂ ಡಿಕ್ಕಿ ಹೊಡೆದರೂ ಕಳಚುವುದಿಲ್ಲ. ಸಣ್ಣ ಮುಖದವರಿಗೆ ಇದು ಬೇಕೇ ಬೇಕು. ಮುಖವಾಡ ಇಡಲು ನುಣುಪಾದ ಒಳಪದರದ ಚೀಲ.

ಒರೆಸುವ ಬಗ್ಗೆ ಒಂದು ಮಾತು. ಸೆರಗಿನಲ್ಲಿ ಒರೆಸಬೇಡಿ, ಧೂಳು ಗೀಚುತ್ತೆ. ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಒತ್ತಿ ತೆಗೆಯಿರಿ. ಎರಡು ಪದರದ ಗಾಜನ್ನು ನೀರಿನಲ್ಲಿ ಮುಳುಗಿಸಿದರೆ ನಡುವೆ ನೀರು ಸೇರಿ ಕೆಡುತ್ತೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಸೀಳು ಕಂಡ ಗಾಜನ್ನು ಆ ದಿನವೇ ಎಸೆಯಬೇಕು. ಸೀಳಿಲ್ಲದಿದ್ದರೂ ವರ್ಷಕ್ಕೊಮ್ಮೆ ಬದಲಿಸಲು ಅನೇಕ ತಯಾರಕರು ಹೇಳುತ್ತಾರೆ.

ಈ ಗಲಾಟೆಯೆಲ್ಲ ಮುಗಿದ ಮೇಲೆ ಅತ್ತೆ ಕೇಳಿದರು, "ಆಟಕ್ಕೆ ಇಷ್ಟೆಲ್ಲ ಮಾಡ್ದೆ. ಗದ್ದೆಗೆ ಹೋಗೋ ಹೆಣ್ಮಕ್ಕಳಿಗೆ?" ನಾಲಗೆಯ ತುದಿಯಲ್ಲಿ ಉತ್ತರವಿರಲಿಲ್ಲ. ಕಬ್ಬಿನ ಗದ್ದೆಗೆ ಅಷ್ಟು ದೊಡ್ಡ ಮುಖವಾಡ ಬೇಕಿಲ್ಲ, ಸೆಕೆಗೆ ತಡೆಯಲೂ ಆಗದು. ಕಾರ್ಖಾನೆಯವರು ಹಾಕುವ, ಪಕ್ಕದಲ್ಲೂ ಮುಚ್ಚಿರುವ ಸಾದಾ ಪಾಲಿಕಾರ್ಬೊನೇಟ್ ಕನ್ನಡಕ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ದುಬಾರಿಯೂ ಅಲ್ಲ. ಆರು ತಂದು, ಕಿವಿಗೆ ಒತ್ತದಂತೆ ಕಡ್ಡಿಗೆ ಬಟ್ಟೆ ಸುತ್ತಿ, ಹಿಂದೆ ನಾಡಾ ಕಟ್ಟಿ ಊರಿಗೆ ಕಳಿಸಿದೆ. ಜೊತೆಗೊಂದು ಮಾತನ್ನೂ ಹೇಳಿ ಕಳಿಸಿದೆ: ಗರಿ ತಗಲಿದರೆ ಶುದ್ಧ ನೀರಿನಲ್ಲಿ ತೊಳೆದು ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಉಜ್ಜಬೇಡಿ, ಡಾಕ್ಟರ ಚೀಟಿ ಇಲ್ಲದ ಯಾವ ಹನಿಯನ್ನೂ ಬಿಡಬೇಡಿ.

ಮೊದಲ ದಿನ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕು ತೆಗೆದಿಟ್ಟರಂತೆ. ನಮ್ಮ ಓರಗಿತ್ತಿ ಬಿಡಲಿಲ್ಲ. ಅತ್ತೆಯನ್ನು ಗದ್ದೆಯ ಬದುವಿನ ಮೇಲೆ ಕೂರಿಸಿ, "ಇವರ ಕಣ್ಣು ನೋಡಿ, ಆಮೇಲೆ ನಗಿ" ಅಂದಳಂತೆ. ಈಗ ನಾಲ್ವರು ಹಾಕುತ್ತಾರೆ. ಉಳಿದ ಎರಡರಲ್ಲಿ ಒಂದು ಎಲ್ಲಿ ಹೋಯಿತೋ ಪತ್ತೆಯಿಲ್ಲ. ಇನ್ನೊಂದನ್ನು ನನ್ನ ಓರಗಿತ್ತಿ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಾಳೆ. ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುವ ದಿನ ಹಾಕಿಕೊಳ್ಳುತ್ತಾಳೆ.